ಗೂಡ್ಸ್ ಗಾಡಿ ಬಾಲದಾಗೊಂದು ಅಡಿಗಿಮನಿ

ಈ ಸಲಾನೂ ಅಡಿಗಿಮನಿ ಸುದ್ದಿನ ಬರೀಲಿಕತ್ತೇನಿ, ಆದ್ರ ಈ ಅಡಿಗಿಮನಿ ನಮ್ಮ ನಿಮ್ಮ ಮನ್ಯಾಗಿಂದಲ್ಲ. ಅಮೇರಿಕಾದ ಗೂಡ್ಸ್ ಗಾಡಿ ಹಿಂದ, ಕಟ್ಟಕಡೀಗೆ ಹಚ್ಚಿರ್ತಿದ್ದ ಒಂದು ಡಬ್ಬ್ಯಾಗಿಂದು. ಅಲ್ಲೆ ಗಂಡಸೂರ ಒಲಿ ಹಚ್ಚಿ, ಗಂಡಸೂರ ಕಾಫಿ ಕಾಸಿ, ಗಂಡಸೂರ ಬೋಗೋಣಿ ತಿಕ್ಕಿ ಇಡತಿದ್ರು. ಆ ಡಬ್ಬಿಗೆ ಕಬೂಸ್ ಅಂತ ಹೆಸರು. ಸುಮಾರು 40 ವರ್ಷದ ಹಿಂದ ಅದನ್ನ ಗಾಡಿಯಿಂದ ಬಿಚ್ಚಿ ಹಾಕೂದು ಶುರು ಆತು. ಇವತ್ತಿಗೂ ಅದಕ್ಕಾಗಿ ಹಳಹಳಿಸೋ ರೇಲ್ವೆ ಹುಚ್ಚಿನ ಮಂದಿ ಆ ದೇಶದಾಗ ಭಾಳ ಇದ್ದಾರ. ಒಂದು ಡಬ್ಬಿಗೆ ಇಷ್ಟ್ಯಾಕ ಹಳಹಳಿ ಅಂತ ತಿಳಕೋಬೇಕಂದ್ರ ಅದರ ಒಳಗ ಹೊಕ್ಕು ನೋಡಬೇಕು.

ಮೊದಲ ಆ ಶಬ್ದದ ಸುದ್ದಿ. ಕಬೂಸ್ ಅನ್ನೋದು ಅಡಿಗಿಮನ್ಯಾಗ ಹುಟ್ಟಿದ ಶಬ್ದನ. ಹಾಲೆಂಡ್, ಉತ್ತರ ಜರ್ಮನಿ ಕಡೆ ಹಡಗದ ಮಂದಿ ಹಡಗಿನ ಮ್ಯಾಲ ಅಡಿಗಿ ಮಾಡೋ ಸಣ್ಣ ಖೋಲಿಗೆ ಕಬೂಸ್, ಕೊಂಬೌಸ್ ಅಂತೆಲ್ಲಾ ಅಂತಿದ್ರು. ಅದನ್ನ ಇಂಗ್ಲಿಷ್ ಹಡಗದವರು ಎತಗೊಂಡ್ರು. ಹಡಗಿನಿಂದ ಇಳದು ಅದು ಹತ್ತೊಂಬತ್ತನೇ ಶತಮಾನದಾಗ ಅಮೇರಿಕಾದ ರೈಲು ಹತ್ತಿತು. ಎಲ್ಲಾ ಕಂಪನಿಯವರೂ ಇದೊಂದ ಹೆಸರು ಇಟ್ಟಕೊಳ್ಳಲಿಲ್ಲ. ಪೆನ್ಸಿಲ್ವೇನಿಯಾ ರೇಲ್ವೆಯವರು ಕ್ಯಾಬಿನ್ ಕಾರ್ ಅಂದ್ರು, ಬರ್ಲಿಂಗ್ಟನ್ ಕಂಪನಿಯವರು ವೇ ಕಾರ್ ಅಂದ್ರು, ಕೆನಡಾದವರು ಬರೇ ವ್ಯಾನ್ ಅಂದ್ರು. ಒಳಗ ಕೆಲಸಾ ಮಾಡೋರು ಮಾತ್ರ ತಮ್ಮ ತಮ್ಮೊಳಗ ಕ್ರಮ್ಮಿ ಅಂತ ಕರೀತಿದ್ರು, ಅಂದ್ರ ಹೊಲಸು ಗೂಡು ಅಂದಂಗ. ಡಾಗ್ ಹೌಸ್ ಅಂತನೂ ಅಂತಿದ್ರು. ನಾಕ ಗಾಲಿಯ ಹಳೇ ಕಬೂಸ್‌ಗೆ ಬಾಬರ್ ಅಂತ ಹೆಸರು ಬಿದ್ದಿತ್ತು, ನೀರಾಗ ಬಿಟ್ಟ ಬೆಂಡಿನಂಗ ಮ್ಯಾಲ ಕೆಳಗ ಕುಣೀತಿತ್ತಂತ. ಹೊರಗ ನಿಂತು ನೋಡೋರು ಮುದ್ದಿನ ಹೆಸರು ಇಡತಾರ, ಒಳಗ ಕೂತು ಮೈ ಕೈ ನೋಯಿಸಿಕೊಂಡವರು ಬೈದು ಹೆಸರಿಡತಾರ. ಇದನ್ನ ಮರೀಬ್ಯಾಡ್ರಿ, ಮುಂದ ಬೇಕಾಗ್ತದ.

ನಮಗ ತಿಳಿಯೂ ಹಂಗ ಹೇಳಬೇಕಂದ್ರ ಅದು ನಮ್ಮ ಗಾರ್ಡ್ ಡಬ್ಬಿ. ಹುಬ್ಬಳ್ಳ್ಯಾಗ ಇದ್ದವರಿಗೆ ಗಾರ್ಡ್ ಅಂದ್ರ ಯಾರು ಅಂತ ಬ್ಯಾರೆ ಹೇಳೋದೇನು ಬ್ಯಾಡ, ಓಣಿಗೆ ಒಂದರ ರೇಲ್ವೆ ಮನಿ ಇದ್ದ ಊರಿದು. ಗೂಡ್ಸ್ ಗಾಡಿ ಹೋಗಬೇಕಾದ್ರ ಕಡೀ ಡಬ್ಬಿಯ ಕಟ್ಟೀ ಮ್ಯಾಲ ಹಸರು ಬಾವುಟ ಹಿಡಕೊಂಡು ನಿಂತಿರ್ತಾರಲ್ಲ, ಅವರು. 2022ರಿಂದ ಅವರಿಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು ಬದಲಿ ಮಾಡ್ಯಾರ, ಆದ್ರ ನಮ್ಮ ಬಾಯಾಗ ಅವರು ಗಾರ್ಡ್ ಸಾಹೇಬ್ರ. ಅಮೇರಿಕಾದಾಗ ಅವರಿಗೆ ಕಂಡಕ್ಟರ್ ಅಂತಾರ. ತಿಕೀಟು ಹರಿಯೋ ಕಂಡಕ್ಟರ್ ಅಲ್ಲ ಮತ್ತ. ಇಡೀ ಗಾಡಿಗೆ ಅಂವನ ಯಜಮಾನ. ಡ್ರೈವರ್ ಎಂಜಿನ್ ನಡಸ್ತಾನ, ಆದ್ರ ಯಾವ ಡಬ್ಬಿ ಎಲ್ಲೆ ಬಿಡಬೇಕು, ಯಾವ ಮಾಲು ಯಾರಿಗೆ ಅಂತ ಲೆಕ್ಕದ ಕಾಗದ ಎಲ್ಲಾ ಕಂಡಕ್ಟರ್ ಕಡೆ. ಅಂವನ ಕೈಕೆಳಗ ಬ್ರೇಕ್‌ಮನ್ ಅಂತ ಇಬ್ಬರು ಇರ್ತಿದ್ರು. ಡ್ರೈವರು, ಬೆಂಕಿ ನೋಡಾಂವ ಹಿಡದು ಒಟ್ಟು ಐದು ಮಂದಿ ಒಂದು ಗಾಡಿಗೆ.

ಬ್ರೇಕ್‌ಮನ್ ಕೆಲಸಾ ಓದಿದ್ರ ಎದಿ ಝಲ್ ಅಂತದ. ಆಗ ಈಗಿನಂಗ ಗಾಳೀ ಬ್ರೇಕ್ ಇರಲಿಲ್ಲ. ಡ್ರೈವರ್ ಸೀಟಿ ಹೊಡದ ಕೂಡ್ಲೆ ಇವರು ಓಡೋ ಗಾಡಿಯ ಮಾಡಿನ ಮ್ಯಾಲ ಏರಿ, ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಜಿಗದು, ಒಂದೊಂದ ಡಬ್ಬಿಗೂ ಇದ್ದ ಕಬ್ಬಿಣದ ಚಕ್ರಾ ತಿರುವಿ ಬ್ರೇಕ್ ಬಿಗೀಬೇಕು. ಒಬ್ಬಾಂವ ಎಂಜಿನ್ ಕಡಿಂದ ಹಿಂದ ಬರಾಂವ, ಇನ್ನೊಬ್ಬಾಂವ ಕಬೂಸ್ ಕಡಿಂದ ಮುಂದ ಹೋಗಾಂವ. ಮಳಿ ಇರಲಿ, ಹಿಮಾ ಬಿದ್ದು ಹಲಗಿ ಜಾರಲಿ, ರಾತ್ರಿ ಕೈಯಾಗ ಕಂದೀಲು ಇರಲಿ, ಹೋಗಬೇಕು. ಡಬ್ಬಿ ಜೋಡಸಬೇಕಂದ್ರ ಎರಡು ಡಬ್ಬಿ ನಡುವ ನಿಂತು ಒಂದು ಕಬ್ಬಿಣದ ಕೊಂಡಿ ಕೈಲೆ ಹಿಡದು, ಸರೀ ಹೊತ್ತಿಗೆ ಮ್ಯಾಲಿಂದ ಗೂಟಾ ಹಾಕಬೇಕು. ಕಣ್ಣು ಪಿಳಕಿಸಿದ್ರ ಬೆರಳು ಹೋತು. ಕೈಯಾಗ ಎಷ್ಟು ಬೆರಳಿಲ್ಲ ಅನ್ನೋದನ್ನ ನೋಡಿ ಇಂವಾ ಎಷ್ಟು ವರ್ಷದ ಅನುಭವದ ಬ್ರೇಕ್‌ಮನ್ ಅಂತ ಹೇಳಬಹುದು ಅಂತ ಆ ಕಾಲದಾಗ ಒಂದು ಮಾತ ಇತ್ತಂತ.

ಜಾರ್ಜ್ ವೆಸ್ಟಿಂಗ್‌ಹೌಸ್ ಅನ್ನೋ 22 ವರ್ಷದ ಹುಡುಗ 1869ರಾಗನ ಗಾಳೀ ಬ್ರೇಕ್ ಕಂಡುಹಿಡದಿದ್ದ. ಆದ್ರ ಗೂಡ್ಸ್ ಗಾಡಿಗೆ ಅದನ್ನ ಹಚ್ಚಲಿಕ್ಕೆ ಕಂಪನಿಗಳಿಗೆ ಮನಸಿರಲಿಲ್ಲ. ಡಬ್ಬಿ ಸಾವಿರ ಸಾವಿರ, ಖರ್ಚು ಬರ್ತದ; ಬ್ರೇಕ್‌ಮನ್ನರು ಸೋವಿ ಸಿಗತಾರ. ಅಯೋವಾ ರಾಜ್ಯದ ಲೊರೆಂಜೊ ಕಾಫಿನ್ ಅಂತ ಒಬ್ಬ ಒಕ್ಕಲಿಗ ಹಿರಿಯಾ, ತನ್ನ ಕಣ್ಣೆದುರಿಗೇ ಒಬ್ಬ ಬ್ರೇಕ್‌ಮನ್ನನ ಬೆರಳು ಹೋಗಿದ್ದು ನೋಡಿ, ಅಲ್ಲಿಂದ ವರ್ಷಾನುಗಟ್ಟಲೆ ಊರೂರು ತಿರುಗಿ, ಕಾಗದಾ ಬರದು, ಭಾಷಣಾ ಮಾಡಿ ಬೆನ್ನು ಹತ್ತಿದಾ. 1893ರಾಗ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾಯ್ದೆಕ್ಕ ಸಹಿ ಹಾಕಿದ್ರು. ತಾನ ಕೂಡಿಕೊಳ್ಳೋ ಕಪ್ಲಿಂಗ್, ಎಂಜಿನ್ನಿಂದನ ಹಾಕೋ ಗಾಳೀ ಬ್ರೇಕ್ ಎರಡೂ ಕಡ್ಡಾಯ ಆದ್ವು. ಆದ್ರೂ ಕಂಪನಿಯವರು ಮುಂದಿನ ವಾಯದೆ, ಮುಂದಿನ ವಾಯದೆ ಅಂತ ಎಳದು ಪೂರಾ ಜಾರಿ ಆಗೋದ್ರಾಗ 1900 ಬಂತು.

ಅಲ್ಲೀತನಕ, ಮಾಡಿನ ಮ್ಯಾಲ ಓಡಿ ಓಡಿ ಹಿಮದಾಗ ಹೆಪ್ಪುಗಟ್ಟಿ ಬಂದವರಿಗೆ ಕೂಡಲಿಕ್ಕೆ ಒಂದು ಬೆಚ್ಚನ ಜಾಗಾ ಬೇಕಾಗಿತ್ತು. ಕಬೂಸ್ ಅಂದ್ರ ಅದು. ಶುರೂಕ ಯಾವುದೋ ಒಂದು ಖಾಲಿ ಮಾಲ್ ಡಬ್ಬಿ, ಅದರಾಗೊಂದು ಹಲಗಿ, ಒಂದು ಒಲಿ, ಅಷ್ಟ. ಮಾಡಿನ ಮ್ಯಾಲ ಗುಬ್ಬಿಗೂಡಿನಂಗ ಕಿಟಕೀ ಇದ್ದ ಸಣ್ಣ ಮಾಳಗಿ ಎದ್ದು ಕಾಣ್ತದಲ್ಲ ಚಿತ್ರದಾಗ, ಅದು ಹೆಂಗ ಬಂತು ಅನ್ನಲಿಕ್ಕೆ ಒಂದು ಛಂದ ಕಥಿ ಹೇಳತಾರ. 1863ರಾಗ ಶಿಕಾಗೋ ಆಂಡ್ ನಾರ್ತ್ ವೆಸ್ಟರ್ನ್ ರೇಲ್ವೆಯ ಒಬ್ಬ ಕಂಡಕ್ಟರ್‌ಗೆ ಕಬೂಸ್ ಬದಲಿ ಒಂದು ಮಾಲ್ ಡಬ್ಬಿ ಕೊಟ್ಟಿದ್ರಂತ. ಅದರ ಮಾಡಿಗೆ ಒಂದು ತೂತು ಇತ್ತು. ನಾವಾಗಿದ್ರ ಮೇಸ್ತ್ರೀನ ಕರದು ತೂತು ಮುಚ್ಚಸ್ತಿದ್ವಿ. ಅಂವಾ ಪೆಟ್ಟಿಗಿ ಮ್ಯಾಲ ಪೆಟ್ಟಿಗಿ ಇಟ್ಟು, ಅದರ ಮ್ಯಾಲ ಕೂತು, ತೂತಿನಿಂದ ತಲಿ ಹೊರಗ ಹಾಕಿ ನೋಡಿದ್ರ ಇಡೀ ಗಾಡಿ ಮುಂದಿನ ತನಕ ನಿಚ್ಚಳ ಕಂಡಿತಂತ. ಮುಂದ ಕಟ್ಟೋ ಕಬೂಸ್‌ಗೆಲ್ಲಾ ಹಿಂಗ ಒಂದು ಗೂಡು ಇಡ್ರಿ ಅಂತ ಹೇಳಿದ್ನಂತ. ಅದಕ್ಕ ಕ್ಯೂಪೋಲಾ ಅಂತಾರ. ಮುಂದ ಮಾಲ್ ಡಬ್ಬಿಗಳು ಎತ್ತರ ಆದಂಗ ಗೂಡಿನಿಂದ ಏನೂ ಕಾಣದಾತು. ಆಗ ಬಾಲ್ಟಿಮೋರ್ ಆಂಡ್ ಓಹಾಯೋದಂಥಾ ಕಂಪನಿಗಳು ಮಾಡಿನ ಗೂಡು ಬಿಟ್ಟು ಗ್ವಾಡಿಗೇ ಎರಡೂ ಕಡೆ ಉಬ್ಬಿದ ಕಿಟಕಿ ಇಡಿಸಿದ್ರು.

ಈಗ ಒಳಗ ಹೋಗೋಣ ಬರ್ರಿ. ನನಗ ಭಾಳ ಸೇರಿದ್ದು ಇದ.

ನಡುವ ಕಲ್ಲಿದ್ದಲಿನ ಕಬ್ಬಿಣದ ಒಲಿ. ಅದನ್ನ ನೆಲಕ್ಕ ಬೋಲ್ಟ್ ಹಾಕಿ ಬಿಗಿದಿರ್ತಿದ್ರು. ಒಲಿ ಮ್ಯಾಲ ಸುತ್ತಲೂ ಒಂದು ಎತ್ತರದ ಅಂಚು, ಗಾಡಿ ಜಗ್ಗಿದಾಗ ಬೋಗೋಣಿ ಜಾರಿ ಕೆಳಗ ಬೀಳಬಾರದು ಅಂತ. ಒಲಿ ಬಾಗಲಕ್ಕ ಎರಡು ಚಿಲಕ, ಧಕ್ಕಿಗೆ ತಗದು ಕೆಂಡ ಹೊರಗ ಚೆಲ್ಲಬಾರದು ಅಂತ. ಕಟ್ಟಿಗಿ ಡಬ್ಬ್ಯಾಗ ಕೆಂಡ ಚೆಲ್ಲಿದ್ರ ಏನಾಗ್ತದ ಅನ್ನೋದನ್ನ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ವಾಡಿಗುಂಟ ಉದ್ದಕ ಬಾಂಕು, ಅದರ ಮುಚ್ಚಳಾ ಎತ್ತಿದ್ರ ಒಳಗ ಹಗ್ಗ, ಸರಪಳಿ, ಕಂದೀಲು. ಮುಚ್ಚಳಾ ಮುಚ್ಚಿ ಹಾಸಿಗಿ ಹಾಸಿದ್ರ ಮಲಗೋ ಮಂಚ. ಮೂಲ್ಯಾಗ ಕಂಡಕ್ಟರ್‌ನ ಸಣ್ಣ ಮೇಜು. ಒಂದು ನೀರಿನ ಡಬ್ಬಿ, ಕೈ ತೊಳಕೊಳ್ಳೋ ಬೋಗುಣಿ, ಕೈ ಹಿಡಕೊಳ್ಳಲಿಕ್ಕೆ ಅಲ್ಲಲ್ಲೆ ಕಬ್ಬಿಣದ ಹಿಡಿಕಿ. ಇಷ್ಟು ಇದ್ದರ ಎರಡು ಮೂರು ಮಂದಿಗೆ ಒಂದು ಮನಿ.

ಅಡಿಗಿ ಯಾರು ಮಾಡತಿದ್ರು ಅಂತ ಕೇಳ್ತೀರಿ, ಗೊತ್ತದ. ಬ್ರೇಕ್‌ಮನ್ನರಾಗ ಯಾರ ಕೈ ರುಚಿಯೋ ಅವರ ಕೈಗೇ ಸೌಟು. ಬೀನ್ಸ್ ಕಾಳು ಬೇಯಿಸೋದು, ಇದ್ದದ್ದೆಲ್ಲಾ ಹಾಕಿ ಒಂದ ಬೋಗೋಣ್ಯಾಗ ಕುದಸೋ ಗಟ್ಟಿ ಸಾರು, ಮತ್ತ ಕಾಫಿ. ಕಾಫಿಯ ಕೆಟಲಿ ದಿನಪೂರ್ತಿ ಒಲಿ ಬಿಟ್ಟು ಇಳೀತಿರಲಿಲ್ಲ. ಗಾಡಿ ಇನ್ನೊಂದು ತುದಿಯ ಊರಿಗೆ ಮುಟ್ಟಿದ ಮ್ಯಾಲ ತಿರುಗಿ ಬರೋ ಪಾಳಿ ಸಿಗೂತನಕ ಇದ ಡಬ್ಬ್ಯಾಗ ಮಲಗೋದು, ಇಲ್ಲೇ ಉಣ್ಣೋದು. ಲಾಡ್ಜು, ಹೋಟೆಲ್ಲು ಎಲ್ಲಾ ಮುಂದ ಬಂದದ್ದು.

ಹಳೇ ಕಾಲಕ್ಕ ಒಬ್ಬ ಕಂಡಕ್ಟರ್‌ಗೆ ಒಂದು ಕಬೂಸ್ ಅಂತ ಪಕ್ಕಾ ಇರ್ತಿತ್ತು. ಅಂವನ ಹದ್ದು ಮುಗಿಯೋ ಊರಾಗ ಗಾಡಿಯಿಂದ ಅಂವನ ಕಬೂಸ್ ಬಿಚ್ಚಿ, ಮುಂದಿನ ಕಂಡಕ್ಟರ್‌ನ ಕಬೂಸ್ ಹಚ್ಚತಿದ್ರು. ಹಂಗಾಗಿ ಅದು ಅಂವನ ಸ್ವಂತ ಮನೀನ ಆಗಿಬಿಡ್ತಿತ್ತು. ಕಿಟಕಿಗೆ ಪಡದೆ ಹಾಕ್ಯಾರ, ಗ್ವಾಡಿಗೆ ಕ್ಯಾಲೆಂಡರ್, ಮನಿ ಮಂದಿ ಫೋಟೋ ಬಡದಾರ. ಇನ್ನೂ ಬ್ಯಾರೆ ನಮೂನಿ ಫೋಟೋನೂ ಇರ್ತಿದ್ವಂತ, ಅದನ್ನ ಇಲ್ಲೆ ಬರಿಯೂದಿಲ್ಲ. ಆ ಪಡದೆ ಹೊಲದು ಕೊಟ್ಟವರು ಯಾರು, ಆ ಕಾಳು ಆರಿಸಿ ಗಂಟು ಕಟ್ಟಿ ಕಳಿಸಿದವರು ಯಾರು ಅನ್ನೋದನ್ನ ಯಾರ ಬರದಿಡತಾರ್ರಿ? ಎಂಜಿನ್ನಿನ ನಂಬರ್ ಬರದಿಟ್ಟವರು ಮಾತ್ರ ಲೆಕ್ಕ ಇಲ್ಲದಷ್ಟು ಮಂದಿ ಇದ್ದಾರ. ಮುಂದ, ಊರೂರಿಗೆ ಕಬೂಸ್ ಬದಲಿ ಮಾಡೋದ್ರಾಗ ಹೊತ್ತು ಹೋಗ್ತದ ಅಂತ ಕಂಪನಿಗಳು ಎಲ್ಲಾ ಕಬೂಸ್ ಎಲ್ಲಾರಿಗೂ ಅಂತ ಮಾಡಿಬಿಟ್ಟರು. ಅವತ್ತ ಪಡದೆ ಇಳದ್ವು. ನಾಕ ಮಂದಿ ಬಾಡಿಗಿ ಇದ್ದು ಹೋಗೋ ಖೋಲಿಗೆ ಪಡದೆ ಯಾರು ಹಾಕ್ತಾರ?

ಇದನ್ನೆಲ್ಲಾ ಓದಿ ಪಿಕ್ನಿಕ್ ಅಂತ ತಿಳಕೋಬ್ಯಾಡ್ರಿ. ನೂರು ಡಬ್ಬಿಯ ಗಾಡ್ಯಾಗ ಒಂದೊಂದ ಕಪ್ಲಿಂಗ್‌ದಾಗೂ ಒಂದೀಟು ಸಡಿಲ ಇರ್ತದ. ಎಲ್ಲಾ ಕೂಡಿದ್ರ ಹತ್ತಾರು ಅಡಿ ಆಗ್ತದ. ಎಂಜಿನ್ ಮುಂದ ಹೊಂಟು ಒಂದೊಂದ ಡಬ್ಬೀನ ಜಗ್ಗಿಕೋತ ಬಂದು, ಆ ಧಡಧಡ ಸಪ್ಪಳ ಹಿಂದ ಮುಟ್ಟೋದ್ರಾಗ ಎಂಜಿನ್ ಆಗಲೇ ವೇಗ ಹಿಡದಿರ್ತದ. ಕಬೂಸ್‌ಗೆ ಮಾತ್ರ ನಿಂತಲ್ಲಿಂದ ಒಮ್ಮಿಗ್ಲೆ ಜಗ್. ಆಗ ಯಾರರೆ ಕೈಯಾಗ ಕುದಿಯೋ ಕಾಫಿ ಹಿಡಕೊಂಡು ನಿಂತಿದ್ರ ಮುಗೀತು. ಒಲಿ ಮ್ಯಾಲ ಬಿದ್ದವರು, ಗ್ವಾಡಿಗೆ ಬಡದು ಎಲುವು ಮುರಕೊಂಡವರು ಭಾಳ. ಅದಕ್ಕ ಸಪ್ಪಳ ಹಿಂದಿನ ತನಕ ಬರೂದನ್ನ ಕಿವೀಲೆ ಎಣಿಸಿ, ಹಿಡಿಕಿ ಗಟ್ಟಿ ಹಿಡಕೊಂಡು ನಿಲ್ಲೋದು ಅವರ ರೂಢಿ ಆಗಿತ್ತು.

ಗಾಳೀ ಬ್ರೇಕ್ ಬಂದು, ಮಾಡಿನ ಮ್ಯಾಲ ಓಡೋದು ತಪ್ಪಿದ ಮ್ಯಾಲೂ ಕಬೂಸ್ ಎಂಬತ್ತು ತೊಂಬತ್ತು ವರ್ಷ ಉಳೀತು. ಯಾಕಂದ್ರ ಅದರ ದೊಡ್ಡ ಕೆಲಸಾ ನೋಡೋದು. ಹಿಂದ ಕೂತು ಮುಂದಿನ ಇಡೀ ಗಾಡೀ ನೋಡೋದು. ಆಗಿನ ಗಾಲಿಯ ಅಚ್ಚಿನ ತುದಿ ಒಂದು ಪೆಟ್ಟಿಗ್ಯಾಗ ತಿರುಗತಿತ್ತು, ಅದರಾಗ ಎಣ್ಣಿ ನೆನಸಿದ ಅರಳಿ ನೂಲು ತುಂಬಿರ್ತಿದ್ರು. ಎಣ್ಣಿ ಆರಿತಂದ್ರ ತಿಕ್ಕಾಟಕ್ಕ ಕಾದು, ಹೊಗಿ ಎದ್ದು, ಉರಿ ಹತ್ತಿ, ಕಡೀಗೆ ಅಚ್ಚು ಮುರದು ಗಾಡಿ ಹಳಿ ಬಿಡ್ತಿತ್ತು. ಇದಕ್ಕ ಹಾಟ್ ಬಾಕ್ಸ್ ಅಂತಾರ. ತಿರುವಿನಾಗ ಗಾಡಿ ಬಾಗಿದಾಗ ಗೂಡಿನಾಗ ಕೂತಾಂವ ಒಂದೊಂದ ಡಬ್ಬಿ ಬುಡಕ್ಕ ಕಣ್ಣು ಹಾಯಿಸಿ ಹೊಗಿ ಅದನೋ ಇಲ್ಲೋ ನೋಡತಿದ್ದ. ರಾತ್ರಿ ಕೆಂಪು ಕಾಣ್ತದ. ಎರಡೂ ಇಲ್ಲಂದ್ರ ಮೂಗಿದೆಯಲ್ಲ, ಒಲಿ ಮ್ಯಾಲ ಹಾಲು ಉಕ್ಕಿ ಸುಟ್ಟಿದ್ದು ನಮಗ ಪಡಸಾಲ್ಯಾಗ ಕೂತಲ್ಲೇ ತಿಳೀತದಲ್ಲ, ಹಂಗ. ಗಾಡಿಯಿಂದ ಜೋಲು ಬಿದ್ದ ಕಬ್ಬಿಣ, ಸರದ ಮಾಲು, ಹಳಿ ಮ್ಯಾಲ ಎಳಕೊಂಡು ಹೊಂಟ ಸರಪಳಿ, ಎಲ್ಲಾ ಇವರ ಕಣ್ಣಿಗೇ ಬೀಳಬೇಕು.

ಗಾಡಿ ದಾರ್ಯಾಗ ಸುಮ್ಮನ ನಿಂತಿತಂದ್ರ ಹಿಂದಿನ ಬ್ರೇಕ್‌ಮನ್ ಕಂದೀಲು, ಕೆಂಪು ಬಾವುಟ, ಪಟಾಕಿ ತಗೊಂಡು ಇಳದು ಹಳಿಗುಂಟ ಹಿಂದಕ ಅರ್ಧ ಮೈಲೋ ಮೈಲೋ ನಡಕೋತ ಹೋಗಬೇಕು. ಹಿಂದ ಬರೋ ಗಾಡಿ ತಮ್ಮ ಗಾಡಿಗೆ ಬಂದು ಬಡೀಬಾರದಲ್ಲ. ಹಳಿ ಮ್ಯಾಲ ಇಟ್ಟ ಪಟಾಕಿ ಮ್ಯಾಲ ಗಾಲಿ ಬಂದ್ರ ಢಂ ಅಂತದ, ಡ್ರೈವರ್ ಎಚ್ಚರಾಗ್ತಾನ. ನಮ್ಮ ಗಾರ್ಡ್ ಸಾಹೇಬ್ರ ಪೆಟ್ಟಿಗ್ಯಾಗೂ ಇವು ಇರ್ತಾವ. ನಟ್ಟನಡು ರಾತ್ರಿ, ಹಿಮಾ ಬೀಳೋವಾಗ, ತಮ್ಮ ಬೆಚ್ಚನ ಡಬ್ಬಿ ಕೆಂಪು ದೀಪಾ ದೂರದಾಗ ಎರಡು ಚುಕ್ಕಿ ಆಗಿ ಕಾಣೂ ಹಂಗ ಒಬ್ಬನ ನಿಂತಿರಬೇಕು. ಎಂಜಿನ್ ಸೀಟಿ ಹೊಡದು ಕರದ್ರ ಓಡಿ ಬಂದು ಹತ್ತಬೇಕು. ಆ ಒಲಿ ಕಿಮ್ಮತ್ತು ಅಂಥಾವರಿಗೇ ಗೊತ್ತು.

ಮತ್ತೊಂದು ಇತ್ತು ಕಬೂಸ್‌ದಾಗ. ಗಾಳಿ ಒತ್ತಡ ತೋರಸೋ ಗಡಿಯಾರ, ಅದರ ಮಗ್ಗಲಕ ಒಂದು ಹಿಡಿಕಿ. ಏನರೆ ಕಂಡ್ರ, ಡ್ರೈವರ್‌ಗೆ ಹೇಳಲಿಕ್ಕೆ ಆಗಲಿಲ್ಲಂದ್ರ, ಕಂಡಕ್ಟರ್ ಆ ಹಿಡಿಕಿ ಜಗ್ಗಿ ಹಿಂದಿನಿಂದನ ಬ್ರೇಕ್ ಹಾಕಬಹುದಿತ್ತು. ಈ ಹಿಡಿಕಿ ಸುದ್ದೀನೂ ನೆನಪಿಡ್ರಿ.

ಊರ ಮಂದಿಗೆ ಇದೇನೂ ಗೊತ್ತಿರಲಿಲ್ಲ. ಅವರಿಗೆ ಕಂಡಿದ್ದು ಕೆಂಪು ಬಣ್ಣ. ಆ ಕೆಂಪು ಬಣ್ಣಾ ಸೋವಿ, ದೂರಕ್ಕ ಕಾಣ್ತದ, ಅದಕ್ಕ ಹಚ್ಚತಿದ್ರು. ಎಲ್ಲಾವೂ ಕೆಂಪು ಇರಲಿಲ್ಲ ಮತ್ತ. ಯೂನಿಯನ್ ಪೆಸಿಫಿಕ್ ಕಂಪನಿದು ಹಳದಿ, ಕಾನ್‌ರೇಲ್‌ದು ನೀಲಿ, ಬರ್ಲಿಂಗ್ಟನ್ ನಾರ್ದರ್ನ್‌ದು ಹಸರು. ಆದ್ರ ಮಕ್ಕಳ ಪುಸ್ತಕದಾಗ ಕಬೂಸ್ ಅಂದ್ರ ಕೆಂಪೇ. 1953ರಾಗ ಮೇರಿಯನ್ ಪಾಟರ್ ಅನ್ನೋ ಬಾಯಿ ಬರದ ಸಣ್ಣ ಕೆಂಪು ಕಬೂಸಿನ ಕಥಿಪುಸ್ತಕ ಅಲ್ಲೆ ಮನಿ ಮನಿಗೆ ಹೋತು. ಎಲ್ಲಾರೂ ಎಂಜಿನ್ನ ನೋಡತಾರ, ತನ್ನ ಯಾರೂ ನೋಡೂದಿಲ್ಲ ಅಂತ ಕೊರಗೋ ಕಬೂಸು, ಗುಡ್ಡಾ ಏರೋವಾಗ ಹಿಂದ ಜಾರೋ ಇಡೀ ಗಾಡೀನ ಬ್ರೇಕ್ ಹಾಕಿ ಹಿಡದು ನಿಲ್ಲಸ್ತದ. ಬರದವರು ಹೆಣಮಗಳು ಅಂತ ಗೊತ್ತಾದ ಮ್ಯಾಲ ನನಗ ಆಶ್ಚರ್ಯ ಏನೂ ಆಗಲಿಲ್ಲ. ಗಾಡಿ ಹೊಂಟಾಗ ಹುಡುಗೂರು ಗೇಟಿನಾಗ ನಿಂತು ನೂರು ಡಬ್ಬಿ ಎಣಿಸಿ, ಕಡೀಕ ಕಬೂಸ್ ಬಂತಂದ್ರ ಕೈ ಬೀಸತಿದ್ರು. ಕಟ್ಟೀ ಮ್ಯಾಲ ನಿಂತಾಂವ ತಿರುಗಿ ಕೈ ಬೀಸತಿದ್ದ. ಈಗ ಅರವತ್ತು ಎಪ್ಪತ್ತು ವರ್ಷ ಆದವರು ಹಳಹಳಿಸೋದು ಹೆಚ್ಚು ಪಾಲು ಇದಕ್ಕ. ಅಷ್ಟು ದೊಡ್ಡ ಕಬ್ಬಿಣದ ಗಾಡ್ಯಾಗ ತಮ್ಮ ಕಡೆ ಹೊಳ್ಳಿ ನೋಡೋದು ಒಂದ ಮನಷ್ಯಾ ಇತ್ತು, ಅದೂ ಹೋತು ಅಂತ.

ಹೋಗಿದ್ದು ಹೆಂಗ ಅಂದ್ರ, ಒಂದೊಂದ ಕೆಲಸಾ ಕಳದುಹೋಗಿ. ಎಣ್ಣಿ ನೂಲಿನ ಪೆಟ್ಟಿಗಿ ಹೋಗಿ ರೋಲರ್ ಬೇರಿಂಗ್ ಬಂದ್ವು, ಅವು ಅಷ್ಟು ಲಗೂ ಕಾಯೂದಿಲ್ಲ. ಹಳಿ ಮಗ್ಗಲಕ, ಹಾದು ಹೋಗೋ ಗಾಲಿ ಬಿಸಿ ಅಳಿಯೋ ಯಂತ್ರ ಹೂಡಿದ್ರು. ಸಿಗ್ನಲ್ ಸುಧಾರಿಸಿದ ಮ್ಯಾಲ ಕಂದೀಲು ಹಿಡಕೊಂಡು ಹಿಂದ ನಡಿಯೋದು ತಪ್ಪಿತು. ರೇಡಿಯೋ ಬಂತು. ಕಡೀಗೆ ಬಂದದ್ದು ಒಂದು ಸಣ್ಣ ಪೆಟ್ಟಿಗಿ, ಹದಿನೈದು ಕಿಲೋದ ಆಜೂಬಾಜೂ ತೂಕ, ಅಂದ್ರ ನಮ್ಮ ಸಿಲಿಂಡರ್ ಒಳಗಿನ ಗ್ಯಾಸಿನಷ್ಟು. ಕಡೀ ಡಬ್ಬಿ ಕಪ್ಲಿಂಗಿಗೆ ಸಿಗಿಸಿ, ಬ್ರೇಕ್ ಪೈಪ್ ಜೋಡಿಸಿಬಿಟ್ರ ಆತು. ಪೈಪಿನಾಗ ಗಾಳಿ ಎಷ್ಟದ ಅಂತ ಎಂಜಿನ್ನಿಗೆ ರೇಡಿಯೋದಾಗ ಹೇಳ್ತದ, ಕೆಂಪು ದೀಪಾ ಮಿಣಕಸ್ತದ. ಅದಕ್ಕ ಫ್ರೆಡ್ ಅಂತ ಹೆಸರಿಟ್ಟಾರ, ಮನಷ್ಯಾರ ಹೆಸರು! ಫ್ಲೋರಿಡಾ ಈಸ್ಟ್ ಕೋಸ್ಟ್ ರೇಲ್ವೆಯವರು 1969ರಾಗನ ಇಂಥಾ ಪೆಟ್ಟಿಗಿ ಬಳಸಲಿಕ್ಕೆ ಶುರು ಮಾಡಿದ್ರು. ದೊಡ್ಡ ಕಂಪನಿಗಳಿಗೆ ಕಾಮಗಾರರ ಸಂಘದ ಜೋಡಿ ಮಾತುಕತಿ ಮುಗೀಬೇಕಾಗಿತ್ತು. 1982ರಾಗ ಅಧ್ಯಕ್ಷರು ನೇಮಿಸಿದ ಒಂದು ಮಂಡಳಿ, ಆಗೋ ಕಡೆ ಕಬೂಸ್ ತಗೀರಿ ಅಂತ ದಾರಿ ತೆರೀತು. ಕೆಲವು ರಾಜ್ಯದಾಗ ಕಬೂಸ್ ಇರಲೇಬೇಕು ಅಂತ ಕಾಯ್ದೆ ಇತ್ತು. ವರ್ಜೀನಿಯಾದಾಗ 1911ರ ಕಾಯ್ದೆ 1988ರ ತನಕ ಹಂಗ ಉಳದಿತ್ತು. ಐದು ಮಂದಿ ಮಾಡೋ ಕೆಲಸಕ್ಕ ಬರಬರತಾ ಇಬ್ಬರು ಉಳದ್ರು, ಅವರಿಬ್ಬರೂ ಮುಂದ ಎಂಜಿನ್ನಾಗ.

ಕಂಪನಿಗಳು ಹೇಳಿದ್ದು ಸುಳ್ಳಲ್ಲ. ಕಬೂಸ್ ಕಟ್ಟಸಬೇಕು, ರಿಪೇರಿ ಮಾಡಸಬೇಕು, ಮಾಲು ಹೊರೂದಿಲ್ಲ, ಬರೇ ಖರ್ಚು. ಹಿಂದ ಜಗ್ ಬಿದ್ದು ಕೈಕಾಲು ಮುರಕೊಳ್ಳೋರೂ ಕಮ್ಮಿ ಆದ್ರು. ಹಳೇ ಕಾಮಗಾರರಾಗ ಭಾಳ ಮಂದಿ, ಡಬ್ಬಿ ಹೋಗಿದ್ದಕ್ಕ ಅತ್ತಿಲ್ಲ, ಕೆಲಸಾ ಹೋಗಿದ್ದಕ್ಕ ಅತ್ತಾರ. ಡಬ್ಬಿಗೆ ಅಳೋರು ಹೆಚ್ಚಾಗಿ ಹೊರಗ ನಿಂತು ನೋಡಿದವರು. ಹಂಗಂತ ಅವರ ಹಳಹಳಿ ಖೊಟ್ಟಿ ಅನ್ನಲಿಕ್ಕೆ ನನಗ ಮನಸಿಲ್ಲ, ಯಾಕಂದ್ರ ಹಿಂದ ಒಬ್ಬ ಮನಷ್ಯಾ ಇರೋದ್ರಾಗ ಏನು ಇತ್ತು ಅನ್ನೋದು 1996ರಾಗ ಒಮ್ಮೆ ಗೊತ್ತಾತು.

ಆ ವರ್ಷ ಫೆಬ್ರುವರಿ 1ರ ಬೆಳಗಿನ ಜಾವ, ಕ್ಯಾಲಿಫೋರ್ನಿಯಾದ ಕಾಹೋನ್ ಘಟ್ಟದಾಗ ಒಂದು ಗೂಡ್ಸ್ ಗಾಡಿ ಇಳೀಲಿಕ್ಕೆ ಹತ್ತಿತ್ತು. ನಮ್ಮ ಕ್ಯಾಸಲ್‌ರಾಕ್ ಘಟ್ಟದ ಇಳಿಜಾರು ನೋಡಿದವರಿಗೆ ಅದು ಎಂಥಾ ಜಾಗಾ ಅಂತ ಅಂದಾಜು ಸಿಗ್ತದ. ಗಾಳೀ ಬ್ರೇಕ್ ಹೆಂಗ ಕೆಲಸಾ ಮಾಡ್ತದ ಅಂದ್ರ, ಪೈಪಿನಾಗ ಗಾಳಿ ತುಂಬಿದ್ದಾಗ ಬ್ರೇಕ್ ಬಿಟ್ಟಿರ್ತಾವ. ಡ್ರೈವರ್ ಗಾಳಿ ಹೊರಗ ಬಿಟ್ಟ ಕೂಡ್ಲೆ ಬ್ರೇಕ್ ಹಿಡೀತಾವ. ತೋಟಕ್ಕ ನೀರು ಬಿಡೋ ಪೈಪ್ ನಡುವ ಮಡಚಿಕೊಂಡ್ರ ಒಂದು ಕಡೆದು ಇನ್ನೊಂದು ಕಡೆಗೆ ಮುಟ್ಟೂದಿಲ್ಲಲ್ಲ, ಆ ಗಾಡ್ಯಾಗೂ ಬ್ರೇಕ್ ಪೈಪ್ ಹಂಗ ನಡುವ ಅಡಚಿಕೊಂಡಿತ್ತು. ಡ್ರೈವರ್ ಗಾಳಿ ಬಿಟ್ಟಾ, ಮುಂದಿನ ಕೆಲವು ಡಬ್ಬಿ ಬ್ರೇಕ್ ಹಿಡದ್ವು. ಹಿಂದಿನ ಡಬ್ಬಿಗೆ ಸುದ್ದೀನ ಮುಟ್ಟಲಿಲ್ಲ, ಅವು ಮುಂದಿನವನ್ನ ನೂಕಿಕೋತ ಬಂದ್ವು. ಗಾಡಿ ಕೈ ತಪ್ಪಿ ಹಳಿ ಬಿಟ್ಟಿತು. ಎಂಜಿನ್ನಾಗ ಇದ್ದ ಮೂರು ಮಂದ್ಯಾಗ ಇಬ್ಬರು ಸತ್ತರು.

ಕಬೂಸ್‌ದಾಗಿನ ಆ ಹಿಡಿಕಿ ನೆನಪಾತಲ್ಲ? ಹಿಂದ ಒಬ್ಬಾಂವ ಇದ್ದು ಅದನ್ನ ಜಗ್ಗಿದ್ದಂದ್ರ ಹಿಂದಿನ ಡಬ್ಬಿಗಳ ಗಾಳಿ ಹಿಂದಿನಿಂದನ ಹೋಗಿ ಅವೂ ಬ್ರೇಕ್ ಹಿಡೀತಿದ್ವು. ಎಂಜಿನ್ನಿನಿಂದ ಗುಂಡಿ ಒತ್ತಿ ಹಿಂದಿನ ಗಾಳಿ ಬಿಡಸೋ ಹೊಸಾ ಥರದ ಪೆಟ್ಟಿಗಿ ಆಗ ಬಂದಿತ್ತು, ಆದ್ರ ಎಲ್ಲಾ ಗಾಡಿಗೆ ಕಡ್ಡಾಯ ಇರಲಿಲ್ಲ. ಆ ಅಪಘಾತ ಆದ ಮ್ಯಾಲ, 1997ರಾಗ ಸರಕಾರ ಅದನ್ನ ಕಡ್ಡಾಯ ಮಾಡ್ತು. ಕಂಡಕ್ಟರ್‌ನ ಕಣ್ಣು ಮೂಗು ಕಿವಿಗೆಲ್ಲಾ ಬದಲಿ ಯಂತ್ರ ಹುಡುಕಿ ಇಟ್ಟ ಮ್ಯಾಲ ಅಂವನ್ನ ಇಳಿಸಿದ್ರು. ಅಂವನ ಕೈಗೆ ಬದಲಿ ಇಡೋದನ್ನ ಮಾತ್ರ ತಡಾ ಮಾಡಿದ್ರು. ಕಬೂಸ್ ತಗದಿದ್ದ ತಪ್ಪು ಅಂತ ನಾ ಅನ್ನೂದಿಲ್ಲ. ಆದ್ರ ಒಬ್ಬರು ಮಾಡೋ ಕೆಲಸ ಎಷ್ಟು ಅಂತ ಎಣಿಸಬೇಕಾದ್ರ ಅವರನ್ನ ಇಳಿಸೋಕ್ಕಿಂತ ಮೊದಲ ಎಣಿಸಬೇಕು, ಇಳಿಸಿದ ಮ್ಯಾಲಲ್ಲ. ಇದನ್ನ ಹೇಳಲಿಕ್ಕೆ ಎಂಜಿನಿಯರ್ ಆಗಬೇಕಂತಿಲ್ಲ. ಒಂದು ವಾರ ನಾವು ಯಾವುದರೆ ಮದಿವಿಗೆ ಹೋಗಿ ಮನಿಗೆ ಹೊಳ್ಳಿ ಬಂದಾಗ ಮನಿ ಮಂದಿ ಹೇಳೋದು ಇದನ್ನ.

ನಮ್ಮ ದೇಶದಾಗ ಗಾರ್ಡ್ ಡಬ್ಬ್ಯಾಗ ಇಂಥಾ ಒಲಿ, ಅಡಿಗಿಯ ಸೌಕರ್ಯ ಇಲ್ಲ. ಒಂದು ಬಾಂಕು, ಒಂದು ಕೈ ಬ್ರೇಕು, ಹೊರಗ ನಿಲ್ಲೋ ಕಟ್ಟಿ, ಬ್ಯಾಸಿಗ್ಯಾಗ ಕಾದ ಕಬ್ಬಿಣದ ಮಾಡು. ಆ ಅಡಿಗಿಮನಿ ಇಲ್ಲೆ ಮನ್ಯಾಗ ಉಳೀತು. ಕಾಲ್‌ಬಾಯ್ ರಾತ್ರಿ ಎರಡಕ್ಕ ಬಂದು ಬಾಗಲಾ ಬಡದು ಗಾಡಿ ಅದ ಅಂತ ಹೇಳಿ ಹೋದ್ರ, ಎದ್ದು ಒಲಿ ಹಚ್ಚಿ ರೊಟ್ಟಿ ಪಲ್ಯಾ ಕಟ್ಟಿದವರು ರೇಲ್ವೆ ಕ್ವಾರ್ಟರ್ಸಿನ ಹೆಣಮಕ್ಕಳು. ಗಾರ್ಡ್ ಸಾಹೇಬ್ರ ಬಾವುಟ ಕಂಡವರು ಭಾಳ, ಅವರ ಊಟದ ಡಬ್ಬಿ ಕಂಡವರು ಕಮ್ಮಿ. ಅಲ್ಲಿ ಕಬೂಸ್ ಬದಲಿ ಬಂದ ಪೆಟ್ಟಿಗಿಯಂಥಾದ್ದನ್ನ ಈಗ ನಮ್ಮ ಗೂಡ್ಸ್ ಗಾಡಿಗೂ ಹಚ್ಚಿ ನೋಡಲಿಕತ್ತಾರ.

ಅಮೇರಿಕಾದಾಗ ಬಿಚ್ಚಿ ಹಾಕಿದ ಕಬೂಸುಗಳು ಎಲ್ಲೆಲ್ಲೋ ಹೋದ್ವು. ಭಾಳಷ್ಟು ಮೋಡಕಾಕ್ಕ ಹೋದ್ವು. ಕೆಲವನ್ನ ಊರಿನವರು ತಗೊಂಡು ತೋಟದಾಗ, ಲೈಬ್ರರಿ ಮುಂದ, ಹಳೇ ಸ್ಟೇಶನ್ ಮಗ್ಗಲಕ ಇಟ್ಟಾರ. ಹುಚ್ಚು ಇದ್ದವರು ಹಿತ್ತಲದಾಗ ನಾಕ ಮಾರು ಹಳಿ ಹಾಸಿ, ಕ್ರೇನ್ ತರಿಸಿ, ಇಪ್ಪತ್ತು ಟನ್ನಿನ ಡಬ್ಬಿ ತಂದು ಕೂಡಿಸ್ಯಾರ, ಮನಿಯಾಕಿ ಏನಂದ್ಲೋ. ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ಹತ್ರ ಒಬ್ಬರು 1969ರಾಗ ಲಿಲಾವಿನಾಗ 19 ಕಬೂಸ್ ಹಿಡದು, ಮರುವರ್ಷ ಅವನ್ನೆಲ್ಲಾ ಸಾಲಾಗಿ ನಿಲ್ಲಿಸಿ ವಸತಿಗೃಹ ಮಾಡಿದ್ರು. ಮೊಂಟಾನಾದಾಗೂ ಒಂದು ಕಡೆ ಗುಡ್ಡದ ಮ್ಯಾಲ ಕಬೂಸ್ ಇಟ್ಟು ಬಾಡಿಗಿ ಕೊಡತಾರ. ರೊಕ್ಕಾ ಕೊಟ್ಟು ಒಂದು ರಾತ್ರಿ ಮಲಗಿ ಬರಬಹುದು. ಹಾಸಿಗಿ ಮೆತ್ತಗ, ಬಿಸಿನೀರು ಅದ, ಡಬ್ಬಿ ಅಲ್ಲಾಡೂದಿಲ್ಲ, ನಡುರಾತ್ರಿ ಕಂದೀಲು ತಗೊಂಡು ಇಳಿ ಅಂತ ಯಾರೂ ಎಬ್ಬಸೂದಿಲ್ಲ.

ಹಳಿ ಮ್ಯಾಲ ಇನ್ನೂ ದುಡಿಯೋ ಕಬೂಸೂ ಅಲ್ಲೊಂದು ಇಲ್ಲೊಂದು ಅವ. ಕಾರಖಾನಿಯ ಒಳಗಿನ ಹಳಿಗೆ ಗಾಡೀನ ಹಿಂಬರಕಿ ನೂಕಿಕೋತ ಹೋಗಬೇಕಾದಾಗ ಒಬ್ಬರು ತುದೀಗೆ ನಿಂತು ದಾರಿ ನೋಡಬೇಕಾಗ್ತದ, ಅದಕ್ಕ ಹಚ್ಚತಾರ. ಅವಕ್ಕ ಈಗ ಕಬೂಸ್ ಅಂತನೂ ಅನ್ನೂದಿಲ್ಲ, ನೂಕೋ ಕಟ್ಟಿ ಅನ್ನೋ ಅರ್ಥದ ಹೆಸರು ಇಟ್ಟಾರ. ಮಂದಿ ನಿಲ್ಲಲಿಕ್ಕೆ ಹೊರಗಿನ ಕಟ್ಟಿ ಮಾತ್ರ ಬೇಕು. ಒಳಗ ಯಾರೂ ಹೋಗಬಾರದಂತ ಬಾಗಲಕ್ಕ, ಕಿಟಕಿಗೆ ಕಬ್ಬಿಣದ ಪತ್ರಾ ಇಟ್ಟು ವೆಲ್ಡಿಂಗ್ ಮಾಡಿಬಿಟ್ಟಾರ.